ಗೋದಾಮಿನಿಂದ ಉತ್ತರವಿಲ್ಲ

೬ ಫೆಬ್ರುವರಿ ೧೯೮೯, ಸೋಮವಾರ. ಹಿರೇಕೆರೂರು

ಇವತ್ತೂ ಮಾತಾಡಲಿಲ್ಲ. ನಾನಲ್ಲ, ಯಂತ್ರಗಳು. ನಾನಂತೂ ಬೆಳಿಗ್ಗೆಯಿಂದ ಗೋಡೆಯ ಜೊತೆ ಬೇಕಾದಷ್ಟು ಮಾತಾಡಿದೆ. ಈ ಖೋಲಿಯಲ್ಲಿ ಇನ್ಯಾರಿದ್ದಾರೆ?

ಎಲ್ಲೋ ಒಂದು ಕಡೆ ಕಾರಿಕೊಳ್ಳಬೇಕು, ಅದಕ್ಕೆ ಈ ಪುಸ್ತಕ. ನಮ್ಮ ಬೀಜ ಬೆಳೆಗಾರರ ಸಂಘದವರು ಹುಬ್ಬಳ್ಳಿಯಲ್ಲಿ ಯಾರೋ ಬಳಸಿ ಬಿಟ್ಟ ಎರಡು ಹಳೆಯ ಕಂಪ್ಯೂಟರ್ ತಂದಿದ್ದಾರೆ. ಒಂದು ಕಚೇರಿಯ ಈ ಖೋಲಿಯಲ್ಲಿದೆ. ಇನ್ನೊಂದು ಅಂಗಳದಾಚೆ ಗೋದಾಮಿನಲ್ಲಿ, ಚೀಲ ತೂಗುವ ಬಂದೇಸಾಬನ ಹತ್ತಿರ. ಎರಡರ ಹೊಟ್ಟೆಯಲ್ಲೂ ಅಂಗೈಯಗಲದ ಒಂದೊಂದು ಹಸಿರು ಹಲಗೆ ಇದೆ, ನೆಟ್‌ವರ್ಕ್ ಕಾರ್ಡ್ ಎನ್ನುತ್ತಾರೆ. ಈ ಕಾರ್ಡಿನಿಂದ ಆ ಕಾರ್ಡಿಗೆ ಒಂದು ಕರಿ ಕೇಬಲ್. ಅಲ್ಲಿ ತೂಗಿದ ಹತ್ತಿಬೀಜದ ಲೆಕ್ಕ ಕೇಬಲಿನಲ್ಲಿ ಇಲ್ಲಿಗೆ ಬರಬೇಕು, ನಾನು ಚೀಲಕ್ಕೆ ಕಟ್ಟುವ ಚೀಟಿ ಮುದ್ರಿಸಬೇಕು. ಯಂತ್ರ ನಡೆಸುವ ಯೂನಿಕ್ಸನ್ನು ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಕಲಿತು ಬಂದಿದ್ದೇನೆ. ಪಿಂಗ್ ಎಂದು ಟೈಪ್ ಮಾಡಿದರೆ ‘ಏ, ಇದ್ದೀಯೇನು?’ ಎಂದು ಆ ಕಡೆಗೆ ಕೂಗಿದ ಹಾಗೆ. ಇದ್ದರೆ ಓಗೊಡುತ್ತದೆ. ನಮ್ಮದು ದಿನ ಬೆಳಗಾದರೆ ಒಂದೇ ಸಾಲು ಬರೆಯುತ್ತದೆ: ನೋ ಆನ್ಸರ್ ಫ್ರಮ್ ಗೋಡೌನ್. ತಂದು ಕೂಡಿಸಿ ಎರಡು ವಾರವಾಯಿತು, ಒಂದು ಪೂರ್ತಿ ದಿನ ನಡೆದಿಲ್ಲ.

ನನ್ನನ್ನು ಅಕ್ಟೋಬರಿನಲ್ಲಿ ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡರು. ಮಾರ್ಚ್ ೩೦ಕ್ಕೆ ಆಡಳಿತ ಮಂಡಳಿ ಕೂಡುತ್ತದೆ. ಅಷ್ಟರೊಳಗೆ ಇವು ಮಾತಾಡಿದರೆ ನಾನು ಕಾಯಂ. ಇಲ್ಲದಿದ್ದರೆ ಯಂತ್ರ ಗುಜರಿಗೆ, ನಾನು ಅವ್ವನ ಹಿಂದೆ ಹತ್ತಿಯ ಬೀಜದ ಪ್ಲಾಟಿಗೆ. ಎಂಟನೆಯ ವಯಸ್ಸಿನಿಂದ ಹದಿನೇಳರವರೆಗೆ ರಜೆ ಬಂದಾಗೆಲ್ಲ, ರಜೆ ಇಲ್ಲದಾಗಲೂ, ಆ ಕ್ರಾಸಿಂಗ್ ಕೆಲಸ ಮಾಡಿದ್ದೇನೆ. ಸಂಜೆ ಮೊಗ್ಗು ಸೀಳಿ ಗಂಡುಕೇಸರ ಕೀಳುವುದು, ಬೆಳಿಗ್ಗೆ ಬೇರೆ ಹೂವಿನ ಹುಡಿ ಸವರುವುದು. ಹೆಬ್ಬೆರಳಿನ ಉಗುರು ಇವತ್ತಿಗೂ ನೆಟ್ಟಗೆ ಬೆಳೆಯುವುದಿಲ್ಲ. ಅಲ್ಲಿಗೆ ಮತ್ತೆ ಹೋಗುವುದಿಲ್ಲ. ಸತ್ತರೂ ಹೋಗುವುದಿಲ್ಲ.

ಹುಬ್ಬಳ್ಳಿಯ ಇಂಜಿನಿಯರ್ ಗುರುವಾರ ಬರುತ್ತಾರಂತೆ. ಬಂದರೆ ಎಲ್ಲ ಸರಿಹೋಗುತ್ತದೆ.

೯ ಫೆಬ್ರುವರಿ, ಗುರುವಾರ

ಬಂದರು, ಸರಿ ಮಾಡಿದರು! ಸಾಹೇಬರು ಕಾಯಬಾರದೆಂದು ಕಾರ್ಯದರ್ಶಿ ಹೊಳಬಸಪ್ಪನವರು ಅವರ ಬಸ್ ಬರುವ ಮೊದಲೇ ಸೀಲು ಒಡೆಸಿ, ಮುಚ್ಚಳ ಬಿಚ್ಚಿಸಿ, ಮೇಲೆ ಒಂದು ಬಿಳಿ ಟವೆಲ್ಲು ಹೊದಿಸಿ ಇಟ್ಟಿದ್ದರು. ಸಾಹೇಬರು ಕಾರ್ಡನ್ನು ಎಳೆದು, ಊದಿ, ಮತ್ತೆ ಒತ್ತಿ ಕೂಡಿಸಿದರು. ಪಿಂಗ್ ಮಾಡಿದೆ. ಸಾಲು ಸಾಲು ಉತ್ತರ! ಅಂಗಳದಾಚೆಯಿಂದ ಬಂದೇಸಾಬ್ “ಬಂತು ತಂಗೀ, ಬಂತು!” ಎಂದು ಕೂಗಿದ್ದು ಮುಚ್ಚಿದ ಕಿಟಕಿಯೊಳಗೂ ಕೇಳಿಸಿತು.

ಸಂಜೆ ಯಂತ್ರ ಆರಿಸಿದ ಮೇಲೆ ಮುಚ್ಚಳಕ್ಕೆ ಎಂದಿನ ಹಾಗೆ ಸೀಲು: ತಂತಿ ಸುತ್ತಿ, ಸೀಸದ ಬಿಲ್ಲೆಯನ್ನು ಇಕ್ಕಳದಿಂದ ಒತ್ತುವುದು, ಮತ್ತೆ ಮುಚ್ಚಳ ಬಿಚ್ಚುವವರೆಗೆ ಅದು ಹಾಗೇ ಇರುತ್ತದೆ. ನಮ್ಮ ಸಂಘದಲ್ಲಿ ಸೀಲಿಲ್ಲದೆ ಏನೂ ಇಲ್ಲ. ಬೀಜದ ಚೀಲಕ್ಕೆ ಸೀಲು, ತಿಜೋರಿಗೆ ಸೀಲು, ಈಗ ಕಂಪ್ಯೂಟರಿಗೂ ಸೀಲು. ಚೀಲ ತುಂಬಿದವನು ಸೀಲು ಒತ್ತುವಾಗ ಬೆನ್ನು ತಿರುಗಿಸಿ ನಿಲ್ಲಬೇಕು, ಇದು ಸಂಘ ಹುಟ್ಟಿದಾಗಿನ ರೂಢಿ. ಕಂಪ್ಯೂಟರಿಗೆ ‘ತುಂಬುವವಳು’ ನಾನಂತೆ, ಹಾಗಾಗಿ ನಾನು ಪಡಸಾಲೆಯಲ್ಲಿ ಗೋಡೆ ನೋಡುತ್ತ ನಿಲ್ಲಬೇಕು. ಸೀಲು ಒತ್ತುವವರು ಬೇರೆ ಯಾರೂ ಅಲ್ಲ, ನಮ್ಮಪ್ಪ ಗುಡ್ಡಪ್ಪ.

“ಬಾಯಾರ, ಹೊರಗ ಬರ್ರಿ. ಬೆನ್ನ ತಿರುಗಿಸಿ ನಿಂದರ್ರಿ,” ಎನ್ನುತ್ತಾರೆ. ಕಚೇರಿಯಲ್ಲಿ ನಾನು ಬಾಯಾರು, ಮನೆಯಲ್ಲಿ ಉಡಚಿ. ನಗು ಬರುತ್ತದೆ, ಆದರೆ ನಕ್ಕರೆ ಮನೆಯಲ್ಲಿ ಬೈಸಿಕೊಳ್ಳಬೇಕು.

೧೦ ಫೆಬ್ರುವರಿ

ನೋ ಆನ್ಸರ್.

ಇಂಜಿನಿಯರ್ ನಿನ್ನೆಯೇ ಹೋದರು.

೧೭ ಫೆಬ್ರುವರಿ, ಶುಕ್ರವಾರ

ನಿನ್ನೆ ಹುಬ್ಬಳ್ಳಿಗೆ ಟ್ರಂಕ್‌ಕಾಲ್ ಹಚ್ಚಿ ಎರಡು ತಾಸು ಕಾದ ಮೇಲೆ ಇಂಜಿನಿಯರ್ ಸಿಕ್ಕರು. “ಕಾರ್ಡಿನ ಅಂಚಿನ್ಯಾಗ ಕಿಲುಬು ಹಿಡದಿರ್ತದ. ರಬ್ಬರ್‌ಲೆ ತಿಕ್ಕ್ರಿ,” ಎಂದರು. ಹೊಳಬಸಪ್ಪನವರು ಸೀಲು ಒಡೆಸಿ, ತಂತಿ ತೆಗೆಸಿದ ಮೇಲೆ ನನ್ನನ್ನು ಒಳಗೆ ಬಿಟ್ಟರು. ನನ್ನ ಕೈಯಾರೆ ಕಾರ್ಡನ್ನು ಹೊರತೆಗೆದೆ. ಹತ್ತಿ ಮೊಗ್ಗು ಸೀಳಿದ ಬೆರಳಿಗೆ ಅದೇನು ಮಹಾ. ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆಯ ಹುಡುಗರ ರಬ್ಬರಿನಿಂದ ತಿಕ್ಕಿ ಹಾಕಿದೆ. ನಾಲ್ಕು ಗಂಟೆಗೆ ಮಾತಾಡಿತು. ಇಡೀ ಕಚೇರಿ ಬಾಗಿಲಲ್ಲಿ ನಿಂತು ನೋಡಿತು. ಐದೂವರೆಗೆ ಸೀಲು.

ಇವತ್ತು ಬೆಳಿಗ್ಗೆ ಇಡೀ ಕಚೇರಿ ಅದೇ ಬಾಗಿಲಲ್ಲಿ ನಿಂತು ಕಿಸಕ್ಕೆಂದಿತು.

“ಉಡಚವ್ವ ಮುಟ್ಟಿದ್ರ ಅದರ ಮಾತು ನಿಂದರತೈತಿ,” ಎಂದರು ಗುಮಾಸ್ತರು. ‘ಮುಟ್ಟಿದ್ರ’ ಎಂಬಲ್ಲಿ ಸ್ವಲ್ಪ ಹೆಚ್ಚು ಒತ್ತಿದರು. ನನಗೆ ತಿಳಿಯದೇ? ಇಲ್ಲಿ ನನಗೂ ಅಪ್ಪನಿಗೂ ಚಹಾದ ಲೋಟ ಬೇರೆ, ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿರುತ್ತಾರೆ. ಅಪ್ಪ ಮುಟ್ಟಿ ಸೀಲು ಒತ್ತಿದ ಬೀಜವನ್ನು ಹಾನಗಲ್ಲಿನಿಂದ ಶಿಗ್ಗಾವಿಯವರೆಗೆ ಎಲ್ಲ ಜಾತಿಯವರೂ ಬಿತ್ತುತ್ತಾರೆ, ಆ ಮಾತು ಬೇರೆ. ಅಪ್ಪ ಇದಕ್ಕೆಲ್ಲ ಬಾಯಿ ಬಿಡುವುದಿಲ್ಲ. ಬಿಡಲಿ ಎಂದು ನನಗೆ ಸಿಟ್ಟು.

ಇನ್ನೊಂದು. ಎರಡು ಫ್ಲಾಪಿ ಕಳೆದವೆಂದು ಈಗ ಖೋಲಿಗೆ ಹೊರಗಿನಿಂದ ಚಿಲಕ. ಹತ್ತರಿಂದ ಒಂದರವರೆಗೆ, ಎರಡರಿಂದ ಐದರವರೆಗೆ. ಧೂಳು ಬರಬಾರದೆಂದು ಕಿಟಕಿಗೆ ಮೊಳೆ ಹೊಡೆದು ಕಾಗದ ಅಂಟಿಸಿದ್ದಾರೆ. ಹೊರಗೆ ಬರಬೇಕಾದರೆ ಬಾಗಿಲು ಬಡಿಯಬೇಕು. ಚಿಲಕ ತೆಗೆಯುವುದು ಅಪ್ಪನ ಕೆಲಸ, ಅವರು ಗೋದಾಮಿನಲ್ಲಿದ್ದರೆ ಮುಗಿಯಿತು. ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದೇನೆ.

೨೪ ಫೆಬ್ರುವರಿ, ಶುಕ್ರವಾರ

ಇಂಜಿನಿಯರ್ ನಿನ್ನೆ ಹೊಸ ಕಾರ್ಡು ತಂದರು. ಮೊದಲೇ ಸೀಲು ಒಡೆದು, ಟವೆಲ್ಲು ಹೊದಿಸಿ, ಎಲ್ಲ ಸಿದ್ಧ. ಹೊಸದು ಹಾಕಿದರು, ಬೆಣ್ಣೆಯ ಹಾಗೆ ನಡೆಯಿತು. ಗಿರ್ಮಿಟ್ಟು ತಿಂದರು, ಚಹಾ ಕುಡಿದರು, ನಾಲ್ಕರ ಬಸ್ಸಿಗೆ ಹೋದರು.

ಇವತ್ತು ಬೆಳಿಗ್ಗೆ ಹತ್ತೂ ಹತ್ತಕ್ಕೆ: ನೋ ಆನ್ಸರ್.

ಅಳು ಬಂತು. ಹೊರಗಿನಿಂದ ಚಿಲಕ ಹಾಕಿದ್ದು ಒಳ್ಳೆಯದೇ ಆಯಿತು.

೩ ಮಾರ್ಚ್, ಶುಕ್ರವಾರ

ಹುಬ್ಬಳ್ಳಿಯಿಂದ ಕಾಗದ ಬಂದಿದೆ. ಹೊಳಬಸಪ್ಪನವರು ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದರು: “ಯಂತ್ರಗಳು ಸುಸ್ಥಿತಿಯಲ್ಲಿವೆ. ನಡೆಸುವವರಿಗೆ ಅನುಭವ ಸಾಲದು. ಇನ್ನು ಮುಂದೆ ಬರಲಾಗುವುದಿಲ್ಲ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ನೆಲವೇ ನನ್ನನ್ನು ಡೊಂಕು ಎನ್ನುತ್ತಿದೆ.

“ಏನವಾ, ಈಗೇನ ಮಾಡ್ತಿ?” ಎಂದರು.

“ನೋಡ್ತೇನ್ರಿ.”

“ನೀ ನೋಡಕೋಂತನ ಕುಂತಿ. ಮೂವತ್ತಕ್ಕ ಮಂಡಳಿ ಐತಿ, ನೆನಪಿರಲಿ. ನಾ ಏನೂ ಹೇಳಾಕ ಬರೂದಿಲ್ಲ ನಿನ್ನ ಪರವಾಗಿ.”

ಮನೆಗೆ ಬಂದರೆ ಅವ್ವ ರೊಟ್ಟಿ ಬಡಿಯುತ್ತ ಶುರು ಮಾಡಿದಳು. “ಪ್ಲಾಟಿನ ಸಾವ್ಕಾರಗ ಒಂದ ಮಾತ ಹೇಳಿಟ್ಟೇನವಾ. ಕ್ರಾಸಿಂಗಿಗೆ ನನ್ನ ಮಗಳೂ ಬರಬಹುದು ಅಂತ.”

“ಯಾಕ ಹೇಳಿದಿ? ಯಾರ ಕೇಳಿದ್ರು ನಿನ್ನ?”

“ಸಿಟ್ಟಿಗೇಳಬ್ಯಾಡ. ಕೈಯಾಗ ಇದ್ದದ್ದ ಬಿಡಬಾರದು ನೋಡ. ಚಲೋ ಕೈ ನಿಂದು, ಒಂದ ಮೊಗ್ಗಿ ಹಾಳ ಮಾಡೂದಿಲ್ಲ.”

ಚಲೋ ಕೈಯಂತೆ! ಅಪ್ಪನ ಕಡೆ ನೋಡಿದೆ. ನೀವಾದರೂ ಒಂದು ಮಾತು ಹೇಳಿ ಎಂದು. ಅಪ್ಪ ಕಂಪ್ಯೂಟರಿನ ಬಗ್ಗೆ ಮನೆಯಲ್ಲಿ ಒಂದಕ್ಷರ ಆಡುವುದಿಲ್ಲ. “ಆಫೀಸಿನ ಮಾತು ಆಫೀಸಿನ್ಯಾಗ,” ಅಷ್ಟೇ. ಬೇಕಾದರೆ ಸೀಲಿನ ಕತೆ ಹೇಳುತ್ತಾರೆ, ನೂರಾ ಒಂದನೆಯ ಸಲ. ಸವಣೂರಿನ ಕಡೆ ಯಾವನೋ ಸೀಲು ಒಡೆಯದೆಯೇ ಚೀಲದ ಬಾಯಿ ಸಡಿಲಿಸಿ ಬೀಜ ಬದಲಿಸಿದ್ದನಂತೆ. ಒಂದೇ ಸುತ್ತಿನ ಸೀಲಂತೆ ಅದು. “ಅವತ್ತಿನಿಂದ ನಾ ಒಂದ ಸುತ್ತಿಗೆ ಎಂದೂ ಬಿಟ್ಟಿಲ್ಲ. ಇಪ್ಪತ್ತೆರಡ ವರ್ಷದಾಗ ಗುಡ್ಡಪ್ಪನ ಸೀಲ ಸುಳ್ಳಾತು ಅಂದವ ಒಬ್ಬ ಇಲ್ಲ.” ಮಗಳ ಕೊರಳಿಗೆ ಹಗ್ಗ ಬಿದ್ದಿದೆ, ಅಪ್ಪನಿಗೆ ತನ್ನ ಸೀಲಿನ ದೊಡ್ಡಸ್ತಿಕೆ.

೧೩ ಮಾರ್ಚ್, ಸೋಮವಾರ

ಅಪ್ಪ ಬೆಳಗಿನ ಬಸ್ಸಿಗೆ ಹತ್ತಿಮತ್ತೂರಿಗೆ ಹೋದರು. ಅಲ್ಲಿನ ಬೆಳೆಗಾರರ ಚೀಲಗಳಿಗೆ ಸೀಲು ಒತ್ತಬೇಕು, ನಾಲ್ಕು ದಿನದ ಕೆಲಸ. ಚಿಲಕದ ಕೆಲಸ ಗುಮಾಸ್ತರಿಗೆ ಬಿತ್ತು. ಅವರು ಹಾಕಲು ಮರೆಯುತ್ತಾರೆ. ಬಾಗಿಲು ಅರ್ಧ ತೆರೆದಿತ್ತು, ಗಾಳಿ ಬಂತು, ನಾನು ಎರಡು ಲೋಟ ನೀರು ಕುಡಿದೆ.

ಹೊಳಬಸಪ್ಪನವರನ್ನು ಕಾಡಿ ಬೇಡಿ ಮತ್ತೆ ಸೀಲು ಒಡೆಸಿದೆ. ಅಪ್ಪ ಹೋಗುವ ಮೊದಲು ಮಾಡಿಸಬೇಕಿತ್ತು ಎಂದು ಗೊಣಗಿದರು. ೧೧-೪೦ಕ್ಕೆ ಕಾರ್ಡು ತೆಗೆದೆ, ಒರೆಸಿ ಹಾಕಿದೆ, ಮುಚ್ಚಳ ಮುಚ್ಚಿ ನಾಲ್ಕೂ ತಿರುಪು ಬಿಗಿದೆ. ೧೨-೧೫ಕ್ಕೆ ಉತ್ತರ. ಸೀಲು ಒತ್ತುವವರೇ ಇಲ್ಲ, ಹಾಗೇ ಬಿಟ್ಟೆವು. ನಾಳೆ ಏನಾಗುತ್ತದೆ ಎಂದು ನನಗೆ ಗೊತ್ತೇ ಇದೆ.

೧೪ ಮಾರ್ಚ್, ಮಂಗಳವಾರ

ಉತ್ತರ! ಬೆಳಿಗ್ಗೆ ೧೦-೦೫ಕ್ಕೆ. ಸಂಜೆ ೫ಕ್ಕೂ.

೧೬ ಮಾರ್ಚ್, ಗುರುವಾರ

ನಾಲ್ಕನೆಯ ದಿನ. ಇನ್ನೂರಾ ಹನ್ನೆರಡು ಚೀಲದ ಲೆಕ್ಕ ಗೋದಾಮಿನಿಂದ ಇಲ್ಲಿಗೆ ಬಂತು, ಇನ್ನೂರಾ ಹನ್ನೆರಡು ಚೀಟಿ ಮುದ್ರಿಸಿದೆ. ಒಂದೂ ತಪ್ಪಿಲ್ಲ. ಬಂದೇಸಾಬ್ ಬಾಗಿಲಿಗೆ ಬಂದು ಕೈ ಮುಗಿದ. “ತಂಗೀ, ಇಷ್ಟ ದಿನ ಅಂಗಳ ದಾಟಿ ದಾಟಿ ನನ್ನ ಚಪ್ಪಲಿ ಸವದಿದ್ವು. ನೀ ಕಾಯಂ ಆದ ದಿನ ನನಗ ಒಂದ ಜೋಡ ಕೊಡಸಬೇಕ ನೋಡ!”

“ಎರಡ ಜೋಡ ಕೊಡಸ್ತೇನಿ, ಕಾಕಾ,” ಎಂದೆ. ಎಷ್ಟು ದಿನದ ಮೇಲೆ ನಕ್ಕೆ.

ಹುಬ್ಬಳ್ಳಿಗೆ ನಾನು ಮತ್ತೊಮ್ಮೆ ಬರೆದಿದ್ದ ಕಾಗದಕ್ಕೆ ಉತ್ತರ ಬಂದಿತ್ತು, ಅದೇ ಮಾತು: ಬರಲಾಗುವುದಿಲ್ಲ. ಫೈಲಿಗೆ ಹಾಕಿದೆ.

೧೮ ಮಾರ್ಚ್, ಶನಿವಾರ

ಅಪ್ಪ ನಿನ್ನೆ ಬಂದರು. ಸಂಜೆ ೫-೩೦ಕ್ಕೆ ಸೀಲು ಒತ್ತಿದರು. ಇವತ್ತು ೧೦-೦೫ಕ್ಕೆ ನೋ ಆನ್ಸರ್.

ಅಳಲಿಲ್ಲ. ಕುರ್ಚಿಯ ಮೇಲೆ ಕುಳಿತು ಈ ಪುಸ್ತಕದ ಹಾಳೆ ಹಿಂದಕ್ಕೆ ತಿರುವಿದೆ. ಒಂಬತ್ತರಂದು ಸರಿಹೋಯಿತು, ಸಂಜೆ ಸೀಲು, ಹತ್ತರಂದು ಕೆಟ್ಟಿತು. ರಬ್ಬರಿನಿಂದ ತಿಕ್ಕಿದ ದಿನ ಸರಿಹೋಯಿತು, ಸಂಜೆ ಸೀಲು, ಮರುದಿನ ಕೆಟ್ಟಿತು. ಹೊಸ ಕಾರ್ಡೂ ಹಾಗೆಯೇ. ಮುಚ್ಚಳ ಮುಚ್ಚಿದರೆ ಬಿಸಿಯಾಗಿ ಕೆಡುತ್ತದೆ ಎಂದುಕೊಂಡಿದ್ದೆ. ಹದಿಮೂರರಂದು ಮುಚ್ಚಳ ಮುಚ್ಚಿ ತಿರುಪೂ ಬಿಗಿದಿದ್ದೆನಲ್ಲ! ನಾಲ್ಕು ದಿನ ಅದೇ ಮುಚ್ಚಳ, ಅದೇ ಬಿಸಿ, ಅದೇ ಕಾರ್ಡು. ಇಲ್ಲದಿದ್ದದ್ದು ಒಂದೇ. ಗೋದಾಮಿನ ಯಂತ್ರವನ್ನು ಮರದ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾರೆ, ಅದಕ್ಕೆ ಸೀಲಿಲ್ಲ, ಅದಕ್ಕೆ ರೋಗವೂ ಇಲ್ಲ.

ಮಧ್ಯಾಹ್ನ ಬಂದೇಸಾಬನ ಬ್ಯಾಟರಿ ದೀಪ ಇಸಿದುಕೊಂಡೆ. ಚಿಲಕ ಬಿದ್ದ ಮೇಲೆ ಮೇಜಿನ ಹಿಂದೆ ಗೋಡೆಯ ಸಂದಿನಲ್ಲಿ ತೂರಿಕೊಂಡೆ. ಸೀಲು ಮುಟ್ಟಿದರೆ ಕೆಲಸ ಹೋಗುತ್ತದೆ, ನೋಡಿದರೆ ಹೋಗುವುದಿಲ್ಲ. ಯಂತ್ರದ ಬೆನ್ನಿನಲ್ಲಿ ಗಾಳಿಗೆಂದು ಕಿಂಡಿಗಳಿವೆ, ಮುಚ್ಚಳದ ಮಗ್ಗುಲಲ್ಲೂ ಇವೆ. ಸೀಲಿನ ತಂತಿ ಬೆನ್ನಿನ ಕಿಂಡಿಯಲ್ಲಿ ಒಳಹೊಕ್ಕು ಮಗ್ಗುಲ ಕಿಂಡಿಯಲ್ಲಿ ಹೊರಬಂದಿದೆ. ಒಳಗೆ ಮೂಲೆಗೆ ಅಡ್ಡವಾಗಿ, ಸುತ್ತಿನ ಮೇಲೆ ಸುತ್ತು, ಜಗ್ಗಿ ಬಿಗಿದಿದೆ. ಆ ಮೂಲೆಯಲ್ಲೇ ಕಾರ್ಡು. ತಂತಿ ಅದರ ಬೆನ್ನಿನ ಬೆಸುಗೆಗಳ ಮೇಲೆ ಒತ್ತಿಕೊಂಡು ಕೂತಿದೆ.

ಅಯ್ಯೋ ಅಪ್ಪಾ.

ಮೊದಲ ಗಳಿಗೆ ಕುಣಿಯಬೇಕೆನ್ನಿಸಿತು, ಸುಳ್ಳೇಕೆ ಹೇಳಲಿ. ಸಿಕ್ಕಿತು! ಹುಬ್ಬಳ್ಳಿಯವರಿಗೆ ಸಿಗದ್ದು ನನಗೆ ಸಿಕ್ಕಿತು! ಆಮೇಲೆ ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ಕುಳಿತುಬಿಟ್ಟೆ. ಅಪ್ಪ ಬಂದು ಚಿಲಕ ತೆಗೆಯುವವರೆಗೆ ಏಳಲಿಲ್ಲ.

೧೯ ಮಾರ್ಚ್, ರವಿವಾರ

ಹೇಳಿದರೆ ಅಪ್ಪನ ಹೆಸರು ಹೋಗುತ್ತದೆ. ಹೇಳದಿದ್ದರೆ ನಾನು ಪ್ಲಾಟಿಗೆ ಹೋಗುತ್ತೇನೆ. ಅತ್ತ ದರಿ, ಇತ್ತ ಪುಲಿ. ಅಪ್ಪ ಬೆಳಿಗ್ಗೆ ಸೀಲಿನ ಇಕ್ಕಳಕ್ಕೆ ಎಣ್ಣೆ ಹಚ್ಚಿ ಅರಿವೆಯಿಂದ ಒರೆಸುತ್ತಿದ್ದರು. ನನಗೆ ನೋಡಲಾಗಲಿಲ್ಲ, ನೀರಿಗೆ ಹೋಗುತ್ತೇನೆಂದು ಕೊಡ ಎತ್ತಿಕೊಂಡು ಹೊರಬಿದ್ದೆ. ತುಂಬಿದ ಕೊಡಗಳೇ ಇದ್ದವೆಂದು ಅವ್ವ ಬೈದಳು.

೨೨ ಮಾರ್ಚ್, ಬುಧವಾರ

ಓಣಿಯಲ್ಲಿ ಹೋಳಿಯ ಹಲಗೆ ಬಾರಿಸುತ್ತಿದ್ದರು. ಅವ್ವ ಅಬಲೂರಿಗೆ ತಂಗಿಯ ಮನೆಗೆ ಹೋಗಿದ್ದಳು. ಅಪ್ಪ ಒಬ್ಬರೇ ಸಿಕ್ಕರು. ಸಂಜೆಯ ಚಹಾ ಕೊಟ್ಟು ಹೇಳಿಬಿಟ್ಟೆ. ಎಲ್ಲವನ್ನೂ, ತಾರೀಖಿನ ಸಮೇತ.

ಅಪ್ಪ ಲೋಟವನ್ನು ಕೆಳಗಿಟ್ಟರು.

“ನನ್ನ ಸೀಲಿನ್ಯಾಗ ತಪ್ಪ ಐತಿ ಅಂತಿಯೇನ?”

“ಸೀಲಿನ್ಯಾಗಲ್ಲ ಅಪ್ಪಾ. ತಂತಿ ಕಾರ್ಡಿಗೆ ತಗಲತೈತಿ.”

“ತಂತಿ ಯಾರ ಹಾಕಿದ್ದು?”

ನಾನು ಚಹಾದ ಪಾತ್ರೆ ಎತ್ತಿ ಒಲೆಯ ಪಕ್ಕಕ್ಕಿಟ್ಟೆ.

“ಚೀಲಕ್ಕ ಹೆಂಗ ಹಾಕತೇನೋ ಹಂಗ ಹಾಕೇನಿ. ಒಳಗ ಏನೈತಿ ಅಂತ ನನಗೇನ ಗೊತ್ತು? ತೋರಿಸಿದ್ರ್ಯಾ ಯಾರರ?”

ಯಾರೂ ತೋರಿಸಿರಲಿಲ್ಲ. ಅಪ್ಪನಿಗೆ ಯಂತ್ರದ ಒಳಗೆ ನೋಡುವ ಅಪ್ಪಣೆ ಇಲ್ಲ, ನನಗೆ ಸೀಲು ನೋಡುವ ಅಪ್ಪಣೆ ಇಲ್ಲ. ಒಂದೇ ಮನೆಯಲ್ಲಿ ಒಂದೇ ಬುಟ್ಟಿಯ ರೊಟ್ಟಿ ತಿನ್ನುತ್ತೇವೆ.

ನಾನು ದಾರಿಯೊಂದನ್ನು ಯೋಚಿಸಿಟ್ಟಿದ್ದೆ. “ಅಪ್ಪಾ, ಏನರ ನೆವಾ ಮಾಡಿ ನಾಳೆ ಸೀಲ ಒಡಸ್ತೇನಿ. ನೀವು ಈ ಸಲ ತಂತಿ ಬ್ಯಾರೆ ಕಡೆ ಹಾಕ್ರಿ. ಕಾರ್ಡ ನಡೀತೈತಿ, ಯಾರಿಗೂ ತಿಳಿಯೂದಿಲ್ಲ.”

“ಸೀಲಿನ ಜಾಗಾ ಬದಲಿಸಿದ್ರ ಆಫೀಸಿನ ಪುಸ್ತಕದಾಗ ಕಾರಣ ಬರೀಬೇಕು. ಏನಂತ ಬರೀಲಿ? ನಿನ್ನ ಸಂಬಂಧ ಸುಳ್ಳ ಬರೀಲೇನ?” ಅಪ್ಪನ ದನಿ ಏರಿತು. “ಇಪ್ಪತ್ತೆರಡ ವರ್ಷ ಆ ಆಫೀಸಿನ್ಯಾಗ ನನಗ ಒಂದ ಲೋಟ ಸುದ್ದಾ ಎಲ್ಲಾರ ಜೋಡಿ ಇಡಲಿಲ್ಲ. ಆದ್ರ ಗುಡ್ಡಪ್ಪನ ಸೀಲ ಐತಿ ಅಂದ್ರ ಅಧ್ಯಕ್ಷರ ಸುದ್ದಾ ಎರಡನೇ ಮಾತ ಆಡೂದಿಲ್ಲ. ಇದ್ದದ್ದ ಅದೊಂದ ನೋಡ ನನಗ.”

ಚಹಾ ಕುಡಿಯದೇ ಎದ್ದು ಹೋದರು. ಈ ಮಾತನ್ನು ಅಪ್ಪನ ಬಾಯಲ್ಲಿ ಕೇಳಬೇಕೆಂದು ಎಷ್ಟು ವರ್ಷ ಬಯಸಿದ್ದೆ. ಇವತ್ತು ಕೇಳಬಾರದಿತ್ತು.

೨೫ ಮಾರ್ಚ್

ಮೂರು ದಿನವಾಯಿತು, ಅಪ್ಪ ಮನೆಯಲ್ಲೂ ಮಾತಾಡುತ್ತಿಲ್ಲ. ಚಿಲಕ ಹಾಕುತ್ತಾರೆ, ತೆಗೆಯುತ್ತಾರೆ. ಅವ್ವ ಇಬ್ಬರ ಮುಖವನ್ನೂ ನೋಡಿ “ಏನಾಗೇತಿ ನಿಮಗ?” ಎಂದು ಕೇಳಿ ಕೇಳಿ ಸಾಕಾಗಿ ಬಿಟ್ಟಳು.

೨೮ ಮಾರ್ಚ್

ನೋ ಆನ್ಸರ್. ೧೦-೦೫, ೧-೦೦, ೨-೦೫, ೪-೫೫. ಕೇಳುವುದನ್ನು ಬಿಡುವಂತಿಲ್ಲ, ದಾಖಲೆ ಇರಬೇಕು.

ಮಂಡಳಿಯ ಮುಂದೆ ‘ಕಾರ್ಡು ಹಳೆಯದು’ ಎಂದು ಹೇಳುವುದೆಂದು ನಿರ್ಧರಿಸಿದ್ದೇನೆ. ಪ್ಲಾಟೇ ಗತಿಯಾದರೆ ಪ್ಲಾಟೇ ಆಗಲಿ.

೩೦ ಮಾರ್ಚ್, ಗುರುವಾರ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಹನ್ನೊಂದಕ್ಕೆ ಮಂಡಳಿ ಸೇರಿತು. ಒಂಬತ್ತು ಜನ ಕುರ್ಚಿಯ ಮೇಲೆ, ನಾನು ಮೇಜಿನ ತುದಿಗೆ ನಿಂತಿದ್ದೆ. ಅಪ್ಪ ಎಂದಿನಂತೆ ಬಾಗಿಲ ಹೊರಗೆ. ಹೊಳಬಸಪ್ಪನವರು ಹುಬ್ಬಳ್ಳಿಯ ಕಾಗದ ಓದಿದರು. ಅಧ್ಯಕ್ಷರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

“ಏನವಾ, ನಡಸೋರಿಗೆ ಅನುಭವ ಇಲ್ಲ ಅಂತ ಬರದಾರ. ಖರೆ ಏನ?”

“ಸುಳ್ರಿ,” ಎಂದೆ. ಬಾಯಿ ತಾನೇ ಅಂದಿತು.

“ಮತ್ತ ಯಾಕ ಕೆಡತೈತಿ?”

ಕಾರ್ಡು ಹಳೆಯದು ಎನ್ನಬೇಕಿತ್ತು. ಹಳೆಯದಲ್ಲವಲ್ಲ. ನನ್ನ ಕೈಯಾರೆ ತಿಕ್ಕಿದ್ದೇನೆ, ಎರಡೂ ಕಾರ್ಡು ಗಟ್ಟಿಮುಟ್ಟಾಗಿವೆ. “ಸೀಲ ಒಡದ ನೋಡ್ರಿ, ನಡೀತೈತಿ. ಸೀಲ ಹಾಕಿ ನೋಡ್ರಿ, ನಿಂದರತೈತಿ,” ಎಂದುಬಿಟ್ಟೆ.

ಎಲ್ಲರೂ ಎದ್ದು ಖೋಲಿಗೆ ಬಂದರು. ಅಪ್ಪನೇ ಸೀಲು ಒಡೆದರು. ನಾನು ಪಿಂಗ್ ಮಾಡಿದೆ, ಉತ್ತರ ಬಂತು. ಆರಿಸಿದೆ, ಅಪ್ಪ ಸೀಲು ಹಾಕಿದರು. ಈ ಸಲ ಯಾರೂ ನನಗೆ ಬೆನ್ನು ತಿರುಗಿಸು ಎನ್ನಲಿಲ್ಲ, ನನಗೂ ನೆನಪಾಗಲಿಲ್ಲ. ಹಚ್ಚಿದೆ. ನೋ ಆನ್ಸರ್. ಮತ್ತೊಮ್ಮೆ ಒಡೆದು ನೋಡಿದೆವು, ಉತ್ತರ. ಯಾರೋ ನಕ್ಕರು. “ಅಂದ್ರ ಮನಿ ಮಂದಿನ ಎರಡ ತಿಂಗಳ ನಮ್ಮನ್ನ ಕುಣಿಸ್ಯಾರ!” ಎಂದರು ಇನ್ಯಾರೋ.

“ಬರದ ಕೊಡು,” ಎಂದರು ಅಧ್ಯಕ್ಷರು.

ಕಾರ್ಯದರ್ಶಿ ಸಂಘದ ನಮೂನೆಯೊಂದನ್ನು ಮುಂದಿಟ್ಟರು, ಮೇಜಿನ ಮೇಲೆ ಬಗ್ಗಿ ಬರೆದೆ. ಸೀಲಿನ ತಂತಿ ಹಿಂದಿನ ಕಿಂಡಿಯಿಂದ ಒಳಗೆ ಹೋಗಿ, ಎರಡು ಸುತ್ತು ಸುತ್ತಿಕೊಂಡು, ಮಗ್ಗುಲ ಕಿಂಡಿಯಿಂದ ಹೊರಬರುತ್ತದೆ. ಕಾರ್ಡಿನ ಬೆಸುಗೆಗಳಿಗೆ ತಾಗುತ್ತದೆ. ಅದರಿಂದ ಕಾರ್ಡು ನಿಲ್ಲುತ್ತದೆ. ‘ಸೀಲು ಹಾಕಿದವರ ಹೆಸರು’ ಎಂಬಲ್ಲಿ ಏನೂ ಬರೆಯಲಿಲ್ಲ.

ಸಾಕ್ಷಿಯ ಸಹಿಗೆ ಅಪ್ಪನನ್ನು ಕರೆದರು. ಅಪ್ಪ ಒಳಗೆ ಬಂದು ಕಾಗದ ತೆಗೆದುಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಒಂಬತ್ತು ಜನ ಕಾದರು. ಅಪ್ಪ ಕಾಗದವನ್ನು ನನ್ನ ಮುಂದೆ ಮತ್ತೆ ಇಟ್ಟರು.

“ಎರಡ ಸುತ್ತಲ್ಲ, ಮೂರು. ತಿದ್ದು.”

ತಿದ್ದಿದೆ.

“ಹೆಸರಿನ ಜಾಗಾ ಖಾಲಿ ಐತಿ. ತುಂಬು.”

“ಅಪ್ಪಾ...”

“ಗುಡ್ಡಪ್ಪ ಅಂತ ಬರಿ. ಅರ್ಧಾ ಬರದ ಕಾಗದಕ್ಕ ನಾ ಸಹಿ ಮಾಡೂದಿಲ್ಲ.”

ಬರೆದೆ. ಅಪ್ಪ ಕೆಳಗೆ ಸಹಿ ಮಾಡಿ, ತಾರೀಖು ಹಾಕಿ, ಗೋಡೆಯ ಗಡಿಯಾರ ನೋಡಿ ಹೊತ್ತನ್ನೂ ಬರೆದರು: ೧೨-೨೦. ಕಿಸೆಯಿಂದ ಇಕ್ಕಳ ತೆಗೆದು ಕಾಗದದ ಪಕ್ಕದಲ್ಲಿಟ್ಟು ಹೊರಗೆ ಹೋಗಿ ತಮ್ಮ ಜಾಗದಲ್ಲಿ ನಿಂತರು. ಆಮೇಲೆ ಯಾರೂ ನಗಲಿಲ್ಲ.

ನಾನು ಕಾಯಂ. ಅಪ್ಪನಿಗೆ ಇನ್ನು ಸೀಲಿನ ಕೆಲಸವಿಲ್ಲ, ಉಳಿದ ಎರಡು ವರ್ಷ ಗೇಟಿನಲ್ಲಿ. ಕಂಪ್ಯೂಟರಿನ ಸೀಲು ಇನ್ನು ಮುಂದೆ ಆಪರೇಟರೇ ಹಾಕಬೇಕು, ಕಾರ್ಯದರ್ಶಿಯ ಎದುರಿಗೆ.

೩ ಏಪ್ರಿಲ್, ಸೋಮವಾರ

೧೦-೦೫ ಉತ್ತರ. ೧-೦೦ ಉತ್ತರ. ೨-೦೫ ಉತ್ತರ. ೪-೫೫ ಉತ್ತರ. ಚೀಟಿ ಮುನ್ನೂರಾ ನಲವತ್ತು.

ಎರಡೂ ಆದೇಶಗಳನ್ನು ಬೆಳಿಗ್ಗೆ ನಾನೇ ಮುದ್ರಿಸಿದೆ, ಮೊದಲು ಅಪ್ಪನದು, ಆಮೇಲೆ ನನ್ನದು. ಖೋಲಿಯ ಚಿಲಕ ಹಾಗೇ ಇದೆ. ಈಗ ಗುಮಾಸ್ತರು ಮರೆಯದೇ ಹಾಕುತ್ತಾರೆ.

೫-೧೫ಕ್ಕೆ ನನ್ನ ಮೊದಲ ಸೀಲು. ಹೊಳಬಸಪ್ಪನವರಿಗೆ ಹಾವೇರಿ ಬಸ್ಸಿನ ಅವಸರ. “ನೀ ಹಾಕಿಡವಾ, ನಾ ನಾಳೆ ಸಹಿ ಮಾಡ್ತೇನಿ,” ಎಂದು ಚೀಲ ಹೆಗಲಿಗೇರಿಸಿದರು.

“ಆಗೂದಿಲ್ರಿ. ಕಣ್ಣಿಲೆ ನೋಡಿ ಸಹಿ ಮಾಡ್ರಿ.”

“ಬಸ್ಸ ಹೋಕ್ಕೈತಿ ಮಾರಾಯ್ತಿ!”

“ಹೋಗ್ಲಿ ಬಿಡ್ರಿ. ಮತ್ತೊಂದ ಬರತೈತಿ.”

ನಿಂತರು. ಒಂದೊಂದು ಸುತ್ತನ್ನೂ ಕಾರ್ಡಿಲ್ಲದ ಮಗ್ಗುಲಿನ ಕಿಂಡಿಯಲ್ಲೇ ಹಾಕಿ, ಬಿಲ್ಲೆ ಒತ್ತಿ, ಎಳೆದು ತೋರಿಸಿ, ಹೊತ್ತು ಬರೆಸಿ, ಸಹಿ ಹಾಕಿಸಿದೆ. ಬಸ್ಸು ಹೋಯಿತು. ಬೈದುಕೊಂಡರು. ಎಂಥ ಜನ, ಒಂದು ಸಹಿಯನ್ನು ನೆಟ್ಟಗೆ ಮಾಡಲು ಇವರಿಗೇನು ಧಾಡಿ?

ಗೇಟಿನಲ್ಲಿ ಹೋಗುವವರ ಚೀಲ ನೋಡಬೇಕೆಂದು ನಿಯಮ. ಸಾಲಿನಲ್ಲಿ ನಿಂತೆ. ಅಪ್ಪ ಸಂಘದ ಖಾಕಿ ಅಂಗಿ ಹಾಕಿದ್ದರು, ಭುಜದಲ್ಲಿ ಸಡಿಲ. ನನ್ನ ಬುತ್ತಿಯ ಗಂಟು ಬಿಚ್ಚಿಸಿದರು. ಬೇರೆಯವರದನ್ನು ಬಿಚ್ಚಿಸಿದಷ್ಟೇ ಪೂರ್ತಿ. ಹನ್ನೆರಡು ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದರು.

“ಎರಡೂ ರೊಟ್ಟಿ ಹಂಗ ಅದಾವಲ್ಲ?”

“ಹಸಿವಿರಲಿಲ್ಲ, ಅಪ್ಪಾ.”

“ನೀರರ ಕುಡದಿಯೋ ಇಲ್ಲೋ?”

ಇಲ್ಲವೆಂದು ತಲೆ ಅಲ್ಲಾಡಿಸಿದೆ.

“ಉಂಡ ತಿಂದ ಇರಬೇಕವಾ. ಇನ್ನ ಮೂವತ್ತ ವರ್ಷ ಆ ಖೋಲಿಯಾಗ ಕುಂದ್ರೂದೈತಿ ನೀ.”

ಅಪ್ಪ ಗಂಟನ್ನು ಮತ್ತೆ ಕಟ್ಟಿಕೊಟ್ಟರು. ನನಗೀಗ ಇಪ್ಪತ್ತೆರಡು, ನಿವೃತ್ತಿ ಐವತ್ತೆಂಟಕ್ಕೆ. ಮೂವತ್ತಲ್ಲ, ಮೂವತ್ತಾರು. ನಾನು ತಿದ್ದಲಿಲ್ಲ.